ಹೆಂಚಿನ ಮೇಲಿನ ಕುಂಬಳಕಾಯಿ

ಶಿವಪ್ರಕಾಶ್ ಮೇಷ್ಟ್ರ ಅಂದಿನ ಫಜೀತಿಗೆಲ್ಲ ಎರಡು ಸಿಹಿಗುಂಬಳದ ಬೀಜಗಳೇ ಕಾರಣ. ಜೂನ್ ತಿಂಗಳಲ್ಲಿ ಅವನ್ನು ಶಾಲೆಯ ಗೋಡೆಯ ಬುಡದಲ್ಲಿ ಮಕ್ಕಳ ಕೈಯಿಂದ ಊರಿಸಿದವರು ಅವರೇ. ಹಾಗಾಗಿ ಬೇರೆ ಯಾರನ್ನೂ ದೂರುವಂತಿರಲಿಲ್ಲ.

ಸಂತೆಬಾಚಹಳ್ಳಿಯಿಂದ ಒಳಕ್ಕೆ ನಾಲ್ಕು ಕಿಲೋಮೀಟರು ಹೋದರೆ ಸಿಗುವ ಬಿಲ್ವದಕೊಪ್ಪಲಿನ ಸರ್ಕಾರಿ ಶಾಲೆಗೆ ಅವರು ಬಂದು ಮೂರು ವರ್ಷವಾಗಿತ್ತು. ಮಕ್ಕಳು ಗೋಡೆ ನೋಡಿ ಕಲಿಯುವುದಕ್ಕಿಂತ ಗಿಡ ನೋಡಿ ಕಲಿಯಬೇಕೆಂಬುದು ಅವರ ನಂಬಿಕೆ. ಮಗ್ಗಿ ಅಂದರೆ ಅವರೆ ಸಾಲಿನಲ್ಲಿ ನಿಂತು ಗಿಡ ಎಣಿಸುವುದು, ವಿಸ್ತೀರ್ಣ ಅಂದರೆ ಸೊಪ್ಪಿನ ಮಡಿ ಅಳೆಯುವುದು, ವಿಜ್ಞಾನ ಅಂದರೆ ಹೊಂಗೆ ಮರದಡಿ ಇರುವೆ ಸಾಲಿನ ಪಕ್ಕ ಮಂಡಿಯೂರಿ ಕೂರುವುದು. ಮೊದಲ ವರ್ಷ ಊರವರು "ಓದಕ್ ಕಳ್ಸುದ್ರೆ ಮಣ್ ಕೆದುರುಸ್ತಾವ್ರೆ" ಎಂದು ಗೊಣಗಿದರು. ಎರಡನೆಯ ವರ್ಷ ನಾಲ್ಕನೇ ಕ್ಲಾಸಿನ ಸಹನ ಹಗ್ಗ ಹಿಡಿದು ತಾತನ ಹೊಲ ಅಳೆದು, "ತಾತ, ಪಕ್ಕದೋರು ಬದು ಮೂರಡಿ ಒತ್ತವ್ರೆ" ಎಂದು ಪಂಚಾಯ್ತಿ ಕಟ್ಟೆಯಲ್ಲೇ ಹೇಳಿದ ಮೇಲೆ ಗೊಣಗಾಟ ನಿಂತಿತು. ಒಂಬತ್ತಿದ್ದ ಮಕ್ಕಳು ಇಪ್ಪತ್ತಮೂರಾದರು.

ಇದ್ದದ್ದು ಒಂದೇ ಕೊರತೆ. ಜೋರು ಮಳೆ ಬಂದರೆ ಹೊಂಗೆ ಮರದಡಿ ಕೂರುವಂತಿಲ್ಲ. ಒಳಗೆ ಹೋಗೋಣವೆಂದರೆ ಹೆಂಚಿನ ಕೊಠಡಿ ಜರಡಿಯಂತೆ ಸೋರುತ್ತಿತ್ತು. ಆಗ ಇಪ್ಪತ್ತಮೂರು ಮಕ್ಕಳೂ ಅಡುಗೆಕೋಣೆಯಲ್ಲಿ, ಬಿಸಿಯೂಟದ ಪುಟ್ಟಲಕ್ಷ್ಮಮ್ಮನ ಒಲೆಯ ಹೊಗೆ ಕುಡಿಯುತ್ತ, ಕಣ್ಣೊರೆಸಿಕೊಳ್ಳುತ್ತ ನಿಲ್ಲಬೇಕು. ಅದನ್ನು ನೋಡಿದಾಗಲೆಲ್ಲ ಮೇಷ್ಟ್ರು ಅರ್ಜಿ ಬರೆಯಲು ಕೂರುತ್ತಿದ್ದರು. ಮೂರು ವರ್ಷದಲ್ಲಿ ಏಳು ಅರ್ಜಿ ಬರೆದರು. ಏಳನೆಯದಕ್ಕೆ ಉತ್ತರ ಬಂತು. ಶುಕ್ರವಾರ ಹನ್ನೊಂದಕ್ಕೆ ತಾಲ್ಲೂಕಿನಿಂದ ಇಂಜಿನಿಯರು ಬಂದು ನೋಡುತ್ತಾರೆ, ಸೋರುವುದು ನಿಜವಾದರೆ ಹೊಸ ಸೂರು ಮಂಜೂರಾಗುತ್ತದೆ, ಇಲ್ಲವಾದರೆ ಅರ್ಜಿ ಅಲ್ಲಿಗೆ ಮುಕ್ತಾಯ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಶಾಲೆಗೆ ಬಂದ ಮೇಷ್ಟ್ರು, ಒಡೆದ ಹೆಂಚುಗಳನ್ನು ಎಣಿಸಿಟ್ಟುಕೊಳ್ಳೋಣವೆಂದು ತಲೆಯೆತ್ತಿ ನೋಡಿದರು. ಎಣಿಸಲು ಒಂದು ಹೆಂಚೂ ಕಾಣಲಿಲ್ಲ. ಕುಂಬಳದ ಬಳ್ಳಿ ಸೂರನ್ನು ಕಂಬಳಿಯ ಹಾಗೆ ಹೊದ್ದು ಮಲಗಿತ್ತು. 'ಬಳ್ಳಿ ಎಷ್ಟು ದಿನದಲ್ಲಿ ಸೂರು ಮುಟ್ಟುತ್ತದೆ' ಎಂಬ ಪಾಠ ಜುಲೈನಲ್ಲೇ ಮುಗಿದಿತ್ತು. ಪಾಠ ಮುಗಿಯಿತೆಂದು ಬಳ್ಳಿಗೆ ಯಾರೂ ಹೇಳಿರಲಿಲ್ಲ. ಈ ವರ್ಷ ಬರೀ ತುಂತುರು ಬಿದ್ದು ಪಾಠವೆಲ್ಲ ಮರದಡಿಯೇ ನಡೆದದ್ದರಿಂದ, ಬೀಗ ಹಾಕಿದ ಕೊಠಡಿಯ ಗತಿಯನ್ನು ಮೇಷ್ಟ್ರೂ ವಿಚಾರಿಸಿರಲಿಲ್ಲ. ಈಗ ಬೀಗ ತೆಗೆದು ನೋಡಿದರೆ ಒಳಗೆ ಕತ್ತಲು. ನಡು ಸೂರಿನಲ್ಲಿದ್ದ ಊಟದ ತಟ್ಟೆಯಗಲದ ಕಿಂಡಿಯಿಂದ ಒಂದೆಳೆ ಬಿಸಿಲೂ ಬೀಳುತ್ತಿಲ್ಲ.

ಏಣಿ ಹಾಕಿ ಹತ್ತಿದರು. ಕಿಂಡಿಯ ಮೇಲೆ ಎಲ್ಲಕ್ಕಿಂತ ದೊಡ್ಡ ಕಾಯಿ ಕೂತಿತ್ತು. ಬೆಳೆಯುತ್ತ ಬೆಳೆಯುತ್ತ ಕಿಂಡಿಯ ಅಳತೆಗೇ ಕೂತು, ಬಾಟಲಿಗೆ ಬಿರಡೆ ಹಾಕಿದಂತಾಗಿತ್ತು. ಎಳೆಗಾಯಿಯಲ್ಲಿ ಮೊಳೆಯಿಂದ ಗೀಚಿದ್ದ 'ಸಹನ' ಎಂಬ ಹೆಸರು ಕಾಯಿಯ ಜೊತೆ ಬೆಳೆದು ಅಂಗಡಿ ಬೋರ್ಡಿನಷ್ಟಾಗಿತ್ತು. ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಲು ನೋಡಿದರು.

"ಏನ್ ಮೇಷ್ಟ್ರೇ, ಬೆಳ್ಬೆಳಿಗ್ಗೇನೇ ಕುಂಬ್ಳಕಾಯ್ಗೆ ಕೈ ಆಕ್ಬುಟ್ರಾ?" ಕೆಳಗಿನಿಂದ ದನಿ ಬಂತು. ಸಹನಳ ತಾತ, ಶಾಲಾ ಸಮಿತಿ ಅಧ್ಯಕ್ಷ ಚೌಡಯ್ಯ.

ಮೇಷ್ಟ್ರು ಬೆಚ್ಚಿ ಕಾಯಿ ಬಿಟ್ಟು, ಮೈಗಂಟಿದ ಧೂಳು ಒದರಲು ಹೆಗಲು ಮುಟ್ಟಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆ ಗೊತ್ತಿಲ್ಲದವರು ಆ ಸೀಮೆಯಲ್ಲಿ ಯಾರೂ ಇರಲಿಲ್ಲ. ಚೌಡಯ್ಯ ಮೀಸೆಯಡಿ ನಕ್ಕರು.

"ಕದಿಯೋಕಲ್ಲ ಯಜಮಾನ್ರೇ! ಇಂಜಿನಿಯರ್ ಬರ್ತಾರೆ. ಕಿಂಡಿ ಅವರಿಗೆ ಕಾಣ್ಬೇಕು. ಬಳ್ಳಿ ಸ್ವಲ್ಪ ಸರಿಸ್ತೀನಿ."

ಅಷ್ಟರಲ್ಲಿ ಸೌಟು ಹಿಡಿದೇ ಓಡಿಬಂದ ಪುಟ್ಟಲಕ್ಷ್ಮಮ್ಮ ಏಣಿಯ ಬುಡಕ್ಕೆ ಅಡ್ಡ ನಿಂತಳು. "ಕಾಯಿ ಕಚ್ಚಿರೋ ಬಳ್ಳಿಯ ಅಲ್ಲಾಡುಸ್ತಾರಾ? ಬಸುರಿ ಹೆಂಗ್ಸುನ್ನ ಮನೆಯಿಂದ ಎಬ್ಸಿ ಓಡ್ಸುದಂಗಾಯ್ತದೆ! ಇಳೀರಿ ಮೇಷ್ಟ್ರೇ ಕೆಳೀಕೆ!"

"ನನ್ ಕಾಯಿ ಕೀಳ್ತಾವ್ರೆ!" ಎಂದು ಸಹನ ಬಾಯಿ ಮಾಡಿದಳು. ಉಳಿದ ಮಕ್ಕಳೂ ತಮ್ಮ ತಮ್ಮ ಹೆಸರಿನ ಕಾಯಿಗಳಿಗೆ ಹೆದರಿ ದನಿಗೂಡಿಸಿದರು. ಗಿಡಬಳ್ಳಿಗೆ ನೋವು ಮಾಡಬಾರದೆಂದು ಮೂರು ವರ್ಷದಿಂದ ಅವರಿಗೆ ಹೇಳಿಕೊಟ್ಟವರು ಯಾರೆಂದು ಮೇಷ್ಟ್ರಿಗೆ ಚೆನ್ನಾಗಿ ನೆನಪಿತ್ತು. ತಲೆ ತಗ್ಗಿಸಿ ಇಳಿದರು.

"ಎಂಗೂ ಇಳ್ದಿದ್ದೀರಿ, ಇದ್ನೊಂದ್ ಏಟ್ ಒಡ್ಕೊಟ್ ಓಗಿ" ಎಂದು ಪುಟ್ಟಲಕ್ಷ್ಮಮ್ಮ ಸಾರಿಗೆ ತಂದಿದ್ದ ಕಾಯಿಯನ್ನೂ ಮಚ್ಚನ್ನೂ ಮುಂದಿಟ್ಟಳು. ಇಡೀ ಕುಂಬಳಕಾಯಿಗೆ ಮೊದಲ ಏಟು ಗಂಡಸರೇ ಹಾಕಬೇಕೆಂಬುದು ಅವಳ ನೇಮ. ಚೌಡಯ್ಯ ಇಂಜಿನಿಯರ ದಾರಿ ನೋಡಲು ಕೆರೆ ಏರಿಯತ್ತ ಹೋಗಿದ್ದರಿಂದ, ಶಾಲೆಯಲ್ಲಿ ಉಳಿದಿದ್ದ ಗಂಡಸು ಮೇಷ್ಟ್ರೊಬ್ಬರೇ. ಅವರು ಆ ಕಾಯಿಯ ಮೇಲೆಯೇ ತಮ್ಮ ಸಿಟ್ಟನ್ನೆಲ್ಲ ತೀರಿಸಿಕೊಂಡರು.

ಹನ್ನೊಂದೂ ಕಾಲಿಗೆ ಇಂಜಿನಿಯರ್ ಸಿದ್ಧಾರ್ಥ ಅವರ ಜೀಪು ಬಂತು. ಅದರ ಬೆನ್ನಿಗೇ ಮಳೆಯೂ ಬಂತು, ಮೂರು ತಿಂಗಳ ಬಾಕಿಯನ್ನು ಒಂದೇ ಗಂಟೆಯಲ್ಲಿ ತೀರಿಸುವ ಹಾಗೆ. ಮೇಷ್ಟ್ರ ಮುಖ ಅರಳಿತು. ದೇವರು ದೊಡ್ಡವನು, ಕಿಂಡಿ ಕಾಣದಿದ್ದರೇನಂತೆ, ನೀರು ತಾನೇ ದಾರಿ ಹುಡುಕಿಕೊಂಡು ಬರುತ್ತದೆ! ಎಲ್ಲರೂ ಕೊಠಡಿಯೊಳಗೆ ನುಗ್ಗಿದರು. ಮೇಷ್ಟ್ರು ಉಪಾಯ ಮಾಡಿ, ಸರಿಯಾಗಿ ಕಿಂಡಿಯ ಕೆಳಗೆ ಕುರ್ಚಿ ಹಾಕಿ ಇಂಜಿನಿಯರನ್ನು ಕೂರಿಸಿದರು.

ಹೊರಗೆ ಜಗತ್ತೇ ಕೊಚ್ಚಿಹೋಗುತ್ತಿತ್ತು. ಒಳಗೆ ಇಂಜಿನಿಯರ ತಲೆಗೂದಲು ಒಣಗಿ ನಿಂತಿತ್ತು. ಮೇಷ್ಟ್ರು ಸೂರು ನೋಡಿದರು, ಇಂಜಿನಿಯರ ನೆತ್ತಿ ನೋಡಿದರು, ಮತ್ತೆ ಸೂರು ನೋಡಿದರು. ಒಂದೇ ಒಂದು ಹನಿ, ತಾಯಿ, ಒಂದೇ ಒಂದು!

"ಎಲ್ಲಿ ಸೋರುತ್ತೆ ಮೇಷ್ಟ್ರೇ?"

"ನೀವು ಕೂತಿರೋ ಕಡೆಯೇ ಸಾರ್. ಈಗ ಸುರಿಯುತ್ತೆ. ಇನ್ನೇನು..."

"ಸೋರೋದಾ?" ಚೌಡಯ್ಯ ಎದ್ದು ನಿಂತರು. ಹೊರಗಿನವರ ಎದುರು ಊರಿನ ಮಾನ ಹರಾಜಾಗುವುದು ಅವರಿಗೆ ಸರಿಬರಲಿಲ್ಲ. "ನಮ್ಮೂರ್ ಇಸ್ಕೂಲು ಸೋರಾಕಿಲ್ಲ ಸಾಮಿ. ನೀವೇ ನೋಡ್ತಾ ಇದ್ದೀರಲ್ಲ. ಮೇಷ್ಟ್ರು ವಸಿ ಎದ್ರುಕೋತಾರೆ, ಒಳ್ಳೇ ಮನ್ಸ."

ಮಳೆ ನಿಂತಾಗ ಇಂಜಿನಿಯರು ಹೊರಬಂದು ಸೂರು ನೋಡಿ ಮೂಗಿನ ಮೇಲೆ ಬೆರಳಿಟ್ಟರು. "ಎಂಥಾ ಉಪಾಯ ಕಂಡುಹಿಡಿದಿದ್ದೀರಿ ಮೇಷ್ಟ್ರೇ! ಸಿಮೆಂಟಿಲ್ಲ, ತಗಡಿಲ್ಲ. ತಾಲ್ಲೂಕಲ್ಲಿ ಇನ್ನೂ ಹದಿನಾಲ್ಕು ಸ್ಕೂಲು ಸೋರ್ತಿವೆ. ಅಲ್ಲೆಲ್ಲ ಇದನ್ನೇ ಹಾಕಿಸ್ತೀನಿ." ಪೆನ್ನು ತೆಗೆದು, 'ಸೋರಿಕೆ ಇಲ್ಲ. ದುರಸ್ತಿ ಅಗತ್ಯವಿಲ್ಲ' ಎಂದು ಬರೆದು ಸಹಿ ಹಾಕಿಯೇಬಿಟ್ಟರು. "ಬೀಜಕ್ಕೆ ಒಂದು ಕಾಯಿ ಸಿಗುತ್ತಾ?"

"ಒಂದ್ಯಾಕೆ ಸಾಮಿ! ಬೀಜಕ್ಕಂದ್ರೆ ದೊಡ್ಡುದ್ನೇ ಕೊಡ್ಬೇಕು. ಸಣ್ಣ ಕಾಯ್ನ ಬೀಜ ಬಿತ್ತುದ್ರೆ ಸಣ್ಣ ಕಾಯೇ ಬುಡೋದು" ಎಂದು ಚೌಡಯ್ಯ ಮೊಮ್ಮಗಳ ತಲೆ ಸವರಿ ಒಪ್ಪಿಸಿದರು. "ಅತ್ತಿ ಮೇಷ್ಟ್ರೇ, ಆ ನಡುವ್ಲುದ್ ಕಾಯಿ ಕಿತ್ಕೊಡಿ!"

ಬೆಳಿಗ್ಗೆಯಿಂದ ಮೇಷ್ಟ್ರ ಮನಸ್ಸಿಗೆ ಒಪ್ಪುವ ಮಾತು ಬಂದದ್ದು ಅದೊಂದೇ. ಎರಡೆರಡು ಮೆಟ್ಟಿಲು ದಾಟಿ ಏಣಿ ಹತ್ತಿದರು. ಕಾಯಿ ಬಂತು, ಕಿಂಡಿ ಬಾಯಿ ತೆರೆಯಿತು. ಕಾಯಿಯನ್ನು ಚೌಡಯ್ಯನ ಕೈಗೆ ದಾಟಿಸಿ, ಇಂಜಿನಿಯರ ಕೈ ಹಿಡಿದು ಒಳಗೆ ಎಳೆದೊಯ್ದರು. "ನೋಡಿ ಸಾರ್! ಈಗ ನೋಡಿ!"

ಹೊರಗೆ ಆಗತಾನೆ ಬಿಸಿಲು ಬಂದಿತ್ತು. ಕಿಂಡಿಯಿಂದ ಇಳಿದ ಬೆಳಕು ಕೊಠಡಿಯ ನಡುವೆ ರೊಟ್ಟಿಯಂತೆ ದುಂಡಗೆ ಬಿದ್ದಿತ್ತು.

"ಸಾರ್, ಬೆಳಕು ಯಾವಾಗ್ಲೂ ನೇರವಾಗಿ ಚಲಿಸುತ್ತೆ ಸಾರ್!" ಕೇಳುವ ಮೊದಲೇ ಸಹನ ಪಾಠ ಒಪ್ಪಿಸಿದಳು.

"ಆಹಾ! ಬೇಕಾದಾಗ ಬೆಳಕು, ಬೇಡದಾಗ ಮುಚ್ಚಳ!" ಇಂಜಿನಿಯರು ಮೇಷ್ಟ್ರ ಬೆನ್ನು ತಟ್ಟಿದರು. "ಇದನ್ನೂ ವರದಿಗೆ ಸೇರಿಸ್ತೀನಿ." ಕಿಂಡಿಯನ್ನು ನಾಲ್ಕು ಕಡೆಯಿಂದ ಫೋಟೊ ತೆಗೆದುಕೊಂಡು, ಕಾಯಿಯನ್ನು ಹಿಂದಿನ ಸೀಟಿನಲ್ಲಿ ಮಗುವಿನಂತೆ ಮಲಗಿಸಿಕೊಂಡು ಜೀಪು ಹತ್ತಿದರು. ಮೇಷ್ಟ್ರು ಕಿಂಡಿಯತ್ತ ಬೆರಳು ತೋರಿಸುತ್ತಲೇ ಜೀಪಿನವರೆಗೆ ಹೋದರು.

ಜೀಪು ಕೆರೆ ಏರಿ ಮುಟ್ಟಿತ್ತೋ ಇಲ್ಲವೋ, ಎರಡನೆಯ ಮಳೆ ಸುರಿಯಿತು. ಈ ಸಲ ಕಿಂಡಿಗೆ ಬಿರಡೆಯಿರಲಿಲ್ಲ. ಕಾಯಿ ಕೀಳುವಾಗ ಜಗ್ಗಿದ ಬಳ್ಳಿ ಇನ್ನೂ ನಾಲ್ಕು ಹೆಂಚನ್ನು ಸರಿಸಿಟ್ಟಿತ್ತು. ನೀರು ಕೊಠಡಿಯೊಳಗೆ ತೂಬು ಎತ್ತಿದಂತೆ ಧುಮುಕಿತು.

"ಸೋರ್ತಿದೆ! ಸೋರ್ತಿದೆ!" ಮೇಷ್ಟ್ರು ಸಂತೋಷದಿಂದ ಕುಣಿದಾಡಿದರು. ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಕೆಸರಿನಲ್ಲಿ ಜೀಪಿನ ಹಿಂದೆ ಓಡಿದರು. "ಸಾರ್! ನಿಲ್ಸಿ ಸಾರ್! ವಾಪಸ್ ಬನ್ನಿ ಸಾರ್!" ಎರಡೂ ಕೈಯನ್ನು ಅಗಲಿಸಿ, ಕಿಂಡಿ ಎಷ್ಟು ದೊಡ್ಡದೆಂದು ಗಾಳಿಯಲ್ಲೇ ದುಂಡಗೆ ತೋರಿಸಿದರು.

ಮಳೆಯ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ, ಕೈ ಮಾತ್ರ ಕಾಣಿಸಿತು. ಇಂಜಿನಿಯರು ಕಿಟಕಿಯಿಂದ ತಲೆ ಹೊರಹಾಕಿ ನಗುತ್ತ ಕೂಗಿದರು. "ಬೇಡ ಮೇಷ್ಟ್ರೇ, ಬೇಡ! ಬೀಜಕ್ಕೆ ಒಂದೇ ಕಾಯಿ ಸಾಕು!"

ಜೀಪು ಏರಿಯ ಆಚೆ ಇಳಿದು ಮರೆಯಾಯಿತು.

ತೊಪ್ಪನೆ ನೆನೆದ ಮೇಷ್ಟ್ರು ಕಾಲೆಳೆದುಕೊಂಡು ಹಿಂತಿರುಗಿದಾಗ ಇಪ್ಪತ್ತೆರಡು ಮಕ್ಕಳು ಎಂದಿನಂತೆ ಅಡುಗೆಕೋಣೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. ಸಹನ ಮಾತ್ರ ಕೊಠಡಿಯಲ್ಲಿ ಕಿಂಡಿಯ ಕೆಳಗೆ ಸಾರಿನ ದಬರಿ ಇಟ್ಟು, ಅದು ಎಷ್ಟು ಹೊತ್ತಿಗೆ ತುಂಬುತ್ತದೆಂದು ಗಡಿಯಾರ ನೋಡಿ ಲೆಕ್ಕ ಬರೆಯುತ್ತಿದ್ದಳು. ಪಕ್ಕದಲ್ಲಿ ಟವೆಲ್ಲು ತಲೆಗೆ ಹಾಕಿಕೊಂಡು ನಿಂತಿದ್ದ ಚೌಡಯ್ಯ, ಸುರಿಯುವ ಸೂರನ್ನೂ ಮೇಷ್ಟ್ರನ್ನೂ ಒಮ್ಮೆ ದಿಟ್ಟಿಸಿ ಬಲು ಬೇಸರದಿಂದ ಹೇಳಿದರು.

"ಅಲ್ಲಾ ಮೇಷ್ಟ್ರೇ, ಸೂರು ಇಂಗ್ ಸೋರ್ತಾ ಅದೆ. ಇಂಜಿನಿಯರ್ ಬಂದಿದ್ದಾಗ ಒಂದ್ ಮಾತ್ ಯೋಳ್ಬಾರ್ದಾಗಿತ್ತಾ?"