ಸೀರೆ ತರುವ ತಮ್ಮನು ಅವಲಂಬಿತನೇ ಎಂಬ ಬಗ್ಗೆ

ಇಂದ:
ನಾಗರತ್ನ, ಪ್ರಥಮ ದರ್ಜೆ ಸಹಾಯಕಿ,
ತಾವು ಕೂರುವ ಮೇಜಿನಿಂದ ಎಡಕ್ಕೆ ಮೂರನೆಯ ಮೇಜು, ಚನ್ನಗಿರಿ.

ಗೆ:
ಮಾನ್ಯ ಜಯದೇವಪ್ಪನವರು, ಅಧೀಕ್ಷಕರು,
ವೇತನ ಮತ್ತು ತೆರಿಗೆ ವಿಭಾಗ (ಮರ್ಯಾದೆಯ ದೃಷ್ಟಿಯಿಂದ ಕಚೇರಿಯ ಹೆಸರನ್ನು ಬಿಟ್ಟಿದೆ), ಚನ್ನಗಿರಿ.

ವಿಷಯ: ದುರುಗೇಶನನ್ನು ಅವಲಂಬಿತನೆಂದು ತೋರಿಸಿ ಕೇಳಿದ್ದ ತೆರಿಗೆ ರಿಯಾಯಿತಿಯನ್ನು ಹಿಂಪಡೆಯುವ ಬಗ್ಗೆ, ಹಾಗೂ ಪಂಚಮಿ ಹಬ್ಬದ ಬಗ್ಗೆ.

ಉಲ್ಲೇಖ: 1) ಅರ್ಜಿದಾರಳು ಸಲ್ಲಿಸಿದ ಘೋಷಣೆ. 2) ತಾವು ಖುದ್ದು ಮನೆಗೆ ಬಂದು ನಡೆಸಿದ ತನಿಖೆ. 3) ಮರುದಿನವೇ ಕೈಗೆ ಬಂದ ಕಾರಣ ಕೇಳಿ ನೋಟಿಸ್.

ಮಾನ್ಯರೇ,

ಸುಳ್ಳು ಮಾಹಿತಿ ನೀಡಿದ್ದಕ್ಕೆ ಶಿಸ್ತುಕ್ರಮ ಏಕೆ ಜರುಗಿಸಬಾರದು ಎಂದು ನೋಟಿಸಿನಲ್ಲಿ ಕೇಳಿದ್ದೀರಿ. ಅರ್ಜಿದಾರಳು ಸುಳ್ಳು ಹೇಳಿರುವುದು ನಿಜ. ಆದರೆ ಘೋಷಣೆಯಲ್ಲಿ ಅಲ್ಲ. ತಮ್ಮೆದುರಿಗೆ, ಕೈಯಲ್ಲಿ ಚಹಾದ ತಟ್ಟೆ ಹಿಡಿದುಕೊಂಡು ಹೇಳಿದ್ದು. ಅದರ ವಿವರವನ್ನು ಈ ಕೆಳಗಿನಂತೆ ಸಲ್ಲಿಸಿದೆ.

1. ಸದರಿ ದುರುಗೇಶನು ಅರ್ಜಿದಾರಳ ಒಡಹುಟ್ಟಿದ ಕಿರಿಯವನು. ತವರೂರು ಜಗಳೂರು ತಾಲ್ಲೂಕಿನ ಬಿಳಿಚೋಡು. ಹೆತ್ತವರು ತೀರಿಕೊಂಡ ಮೇಲೆ ಅವನನ್ನು ಓದಿಸಿದವಳು ಅರ್ಜಿದಾರಳು. ಸದ್ಯ ಹೊನ್ನಾಳಿಯಲ್ಲಿ ರೂಮು ಮಾಡಿಕೊಂಡು ಪೊಲೀಸ್ ಪರೀಕ್ಷೆಗೆ ತಯಾರಾಗುತ್ತಿದ್ದಾನೆ. ಓದಿನಲ್ಲಿ ಪಾಸಾದ ವರ್ಷ ಓಟದಲ್ಲಿ ಹಿಂದೆ ಉಳಿಯುತ್ತಾನೆ, ಓಟದಲ್ಲಿ ಪಾಸಾದ ವರ್ಷ ಓದಿನಲ್ಲಿ. ರೂಮಿನ ಬಾಡಿಗೆ, ಮೆಸ್ಸು, ಓಡುವ ಶೂ, ಕ್ಷೌರ ಎಲ್ಲವೂ ಅರ್ಜಿದಾರಳ ಸಂಬಳದಿಂದಲೇ ನಡೆಯತಕ್ಕದ್ದಾಗಿದೆ. ಆದ್ದರಿಂದ "ಅವಲಂಬಿತರು" ಎಂಬಲ್ಲಿ ಅವನ ಹೆಸರು ಬರೆದಳು.

2. ನಮ್ಮ ಕಡೆ ಪಂಚಮಿಗೆ ಒಡಹುಟ್ಟಿದವನು ಸೀರೆ, ಉಂಡಿ, ಕೊಬ್ಬರಿ ತಂದು ಹೆಣ್ಣುಮಗಳನ್ನು ಕರೆಯಬೇಕೆಂಬುದು ತಮಗೂ ತಿಳಿದಿದೆ. ಅವನು ಬಾರದಿದ್ದರೆ ಓಣಿಯವರು ಏನೂ ಅನ್ನುವುದಿಲ್ಲ, ಬರೀ ನೋಡುತ್ತಾರೆ. ಅದಕ್ಕಿಂತ ಬೈದರೇ ವಾಸಿ. ಆದಕಾರಣ ಪ್ರತಿ ವರ್ಷ ಅರ್ಜಿದಾರಳು ಚನ್ನಗಿರಿ ಪೇಟೆಯಲ್ಲಿ ತನಗೆ ತಾನೇ ಸೀರೆ ಆರಿಸಿ, ಉಂಡಿ ಕಟ್ಟಿಸಿ, ಬಸ್ ನಿಲ್ದಾಣದಲ್ಲಿ ದುರುಗೇಶನ ಕೈಗೆ ಒಪ್ಪಿಸಿ, ಏನೂ ಅರಿಯದವಳಂತೆ ಮನೆಗೆ ಬರುತ್ತಾಳೆ. ಸ್ವಲ್ಪ ಹೊತ್ತು ಬಿಟ್ಟು ಅವನು ಬರುತ್ತಾನೆ. "ಯಾಕೋ ತರಾಕೆ ಹೋದೆ ಇಷ್ಟು ದುಬಾರಿದು!" ಎಂದು ಅರ್ಜಿದಾರಳು ಓಣಿಗೆಲ್ಲ ಕೇಳುವಂತೆ ಗದರುತ್ತಾಳೆ. ಹೋದ ವರ್ಷ ಅವನು ಪಾತ್ರದಲ್ಲಿ ಪೂರ್ತಿ ಮುಳುಗಿ, "ನಿನಗಿಂತ ದುಡ್ಡು ಹೆಚ್ಚೇನಕ್ಕಾ?" ಎಂದುಬಿಟ್ಟ. ಅವತ್ತು ಮಾತ್ರ ಅರ್ಜಿದಾರಳಿಗೆ ಸ್ವಲ್ಪ ಸಿಟ್ಟು ಬಂದಿತ್ತು.

3. ತಾವು ತನಿಖೆಗೆ ಬಂದಾಗ ಅರ್ಜಿದಾರಳ ಅತ್ತೆ ಗಾದ್ರಮ್ಮನವರು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು.

"ಅಮ್ಮಾ, ಈ ದುರುಗೇಶಂಗೆ ಸ್ವಂತ ಆದಾಯ ಏನಾರ ಐತಾ?" ಎಂದಿರಿ.

"ಯಾಕ್ರಿ ಸಾಹೇಬ್ರೇ ಹಂಗೆ ಕೇಳ್ತೀರಿ? ನಮ್ಮ ಸೊಸೆ ತವರು ಅಂದ್ರೆ ಏನಂತ ತಿಳ್ಕಂಡೀರಿ? ತಡೀರಿ."

ಮೊರ ಬದಿಗಿಟ್ಟು ಒಳಗೆ ಹೋದವರು ಟ್ರಂಕಿನಿಂದ ಸೀರೆಗಳನ್ನು ತಂದು ತಮ್ಮ ತೊಡೆಯ ಮೇಲಿದ್ದ ಕಡತದ ಮೇಲೆಯೇ ಹರಡಿದರು. "ಇದು ಹೋದ ವರ್ಷದ್ದು. ಇದು ಅದ್ರ ಹಿಂದಿನ ವರ್ಷದ್ದು. ಅಂಚು ಮುಟ್ಟಿ ನೋಡ್ರಿ. ಕೈಲಾಗ್ದೋನು ತರೋ ಸೀರೇನ್ರಿ ಇದು?"

ತಾವು ಮುಟ್ಟಿ ನೋಡಿದಿರಿ. ಬರೆದುಕೊಂಡಿರಿ. ಆಮೇಲೆ ಅರ್ಜಿದಾರಳ ಕಡೆ ತಿರುಗಿ, "ಏನ್ರಿ ನಾಗರತ್ನಮ್ಮ, ಇವನ್ನ ನಿಮ್ಮ ತಮ್ಮನೇ ತಂದದ್ದಾ?" ಎಂದಿರಿ.

ಇಲ್ಲ ಎಂದಿದ್ದರೆ ರಿಯಾಯಿತಿಯ ದಾರಿ ತೆರೆದಿರುತ್ತಿತ್ತು. ಆದರೆ ಅತ್ತೆಯ ಎದುರಿಗೆ, ಓಣಿಯ ಎದುರಿಗೆ, ಅರ್ಜಿದಾರಳ ತವರು ಅಲ್ಲೇ ಮುಗಿಯುತ್ತಿತ್ತು. "ಹೌದು ಸರ್. ಬ್ಯಾಡ ಅಂದ್ರೂ ಕೇಳಲ್ಲ," ಎಂದಳು. ತಾವು ಚಹಾ ಮುಗಿಸಿ ಚಪ್ಪಲಿ ಮೆಟ್ಟುವಾಗ, "ಅಷ್ಟಕ್ಕೂ ತಮ್ಮಂದಿರಿಗೆ ರಿಯಾಯಿತಿ ಐತೋ ಇಲ್ವೋ, ನಿಯಮ ನೋಡ್ಬೇಕು" ಎಂದಿರಿ. ಇದನ್ನು ಬರುವ ಮೊದಲೇ ನೋಡಬಹುದಿತ್ತೆಂದು ಅರ್ಜಿದಾರಳ ನಮ್ರ ಅಭಿಪ್ರಾಯವಾಗಿದೆ.

4. ತಾವು ಹೋದ ಮೇಲೆ ನಡೆದದ್ದು ತನಿಖಾ ವರದಿಯಲ್ಲಿ ಇಲ್ಲವಾದ್ದರಿಂದ ಇಲ್ಲಿ ಸೇರಿಸಿದೆ. ಗಾದ್ರಮ್ಮನವರು ಸೀರೆ ಮಡಿಸುತ್ತಾ ಹೇಳಿದರು: "ಹೊನ್ನಾಳಿಯಾಗಿರೋ ಹುಡುಗ ನಮ್ಮ ಪೇಟೆ ಅಂಗ್ಡಿ ಚೀಟಿ ಇರೋ ಸೀರೆ ತರ್ತಾನೆ. ನಾನೇನು ಕಣ್ಣಿಲ್ದೋಳೇನೆ? ಮುಂದಿನ ಸಲ ಚೀಟಿ ಕಿತ್ತು ಕೊಡು."

ಅರ್ಜಿದಾರಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ಗೊತ್ತಿದ್ದೂ ಸಾಹೇಬ್ರ ಮುಂದೆ ಯಾಕೆ ಹಂಗಂದ್ರಿ ಅತ್ತೆ?"

"ಕಂಡೋರ ಮುಂದೆ ನಿನ್ನ ತವರು ಬರಿದು ಅನ್ಲೇನು? ನಮ್ಮ ಬೋರಣ್ಣಂಗೆ ನಾನೂ ಹಿಂಗೇ, ಅಡಿಕೆ ಸುಲಿದ ದುಡ್ಡು ಕೊಟ್ಟು ಸೀರೆ ತರಿಸ್ಕಣ್ತಿದ್ದೆ. ನಮ್ಮತ್ತೆಗೆ ಸಾಯೋ ತನಕ ಗೊತ್ತಾಗ್ಲಿಲ್ಲ."

ಬೋರಣ್ಣ ಎಂದರೆ ಅತ್ತೆಯವರ ತಮ್ಮ. ಅತ್ತೆಯವರ ಆ ಅತ್ತೆಗೂ ಗೊತ್ತಿದ್ದಿರಬೇಕು ಎಂದು ಅರ್ಜಿದಾರಳಿಗೆ ಅನ್ನಿಸಿತು. "ಈಗ್ಯಾಕೆ ಬೋರಣ್ಣ ಮಾವ ಹಬ್ಬಕ್ಕೆ ಬರಲ್ಲ?" ಎಂದಷ್ಟೇ ಕೇಳಿದಳು.

"ಬರಿಗೈಲಿ ಬರಾಕೆ ಅವನಿಗೆ ನಾಚ್ಕೆ. ಕೊಟ್ಟು ಕರಿಯಾಕೆ ನನ್ನ ಕೈಯಾಗೆ ಏನೈತೆ ಈಗ? ಬೆರಳು ಮಡಚಾಕೇ ಬರಲ್ಲ, ಅಡಿಕೆ ಎಲ್ಲಿ ಸುಲೀಲಿ?"

ಅರ್ಜಿದಾರಳು ಆ ಬೆರಳುಗಳನ್ನು ತನ್ನ ಕೈಯೊಳಗೆ ಹಿಡಿದುಕೊಂಡಳು. ಇದನ್ನು ಕಚೇರಿಯ ಭಾಷೆಯಲ್ಲಿ ಹೇಗೆ ಬರೆಯಬೇಕೆಂದು ತಿಳಿಯದ ಕಾರಣ ಇದ್ದಂತೆಯೇ ಬರೆದಿದೆ.

ಕಡೆಗೆ ಅತ್ತೆಯವರು ಟ್ರಂಕಿನ ಮುಚ್ಚಳ ಹಾಕಿ ಆದೇಶ ಹೊರಡಿಸಿದರು: "ಆ ಅರ್ಜಿ ವಾಪಸ್ ತಗ. ನಾಳೆ ದುರುಗೇಶ ಪೊಲೀಸ್ ಆದ್ರೂ, ಅಕ್ಕನ ಅನ್ನ ತಿಂದೋನು ಅನ್ನೋ ಆ ಕಾಗದ ಅಲ್ಲೇ ಇರ್ತೈತೆ."

5. ಆದ್ದರಿಂದ ಸದರಿ ಘೋಷಣೆಯನ್ನು ರದ್ದುಪಡಿಸಿ, ತೆರಿಗೆಯನ್ನು ಪೂರ್ತಿ ಕಡಿತ ಮಾಡಿಕೊಂಡು, ದುರುಗೇಶನು ಯಾರ ಅವಲಂಬಿತನೂ ಅಲ್ಲವೆಂದು ಒಂದು ಸಾಲು ಬರೆದು, ನೋಟಿಸನ್ನು ಕೈಬಿಡಬೇಕಾಗಿ ಕೋರಿದೆ. ನಿಜ ಸಂಗತಿ ಈ ಅರ್ಜಿಯಲ್ಲೇ ಇರುವ ಕಾರಣ ಇದನ್ನು ಬೀಗದ ಕೈ ಕಳೆದುಹೋಗಿರುವ ಹಳೆಯ ಬೀರುವಿನಲ್ಲಿ ಸಂದಿಯಿಂದ ತೂರಿಸಿ ಇಡತಕ್ಕದ್ದು.

6. ಹಾಗೂ ಅರ್ಜಿದಾರಳಿಗೆ ಹಬ್ಬದ ಮುಂಗಡವನ್ನು ಪಂಚಮಿಗೆ ಮೊದಲೇ ಮಂಜೂರು ಮಾಡಬೇಕಾಗಿ ವಿನಂತಿ. ಕಾರಣ: ತವರಿನಿಂದ ಸೀರೆ ಬರಬೇಕಾಗಿದೆ.

ತನಿಖೆಯ ನಂತರವೂ ತಮ್ಮ ವಿಶ್ವಾಸಿ,
(ನಾಗರತ್ನ)

ಲಗತ್ತುಗಳು:
1. ಕಾರಣ ಕೇಳಿ ನೋಟಿಸಿನ ಪ್ರತಿ. ಮೇಲಿನ ಅರಿಶಿನದ ಕಲೆ ಅತ್ತೆಯವರದು.
2. ಹಳೆಯ ಸೀರೆಗಳಿಂದ ಅತ್ತೆಯವರೇ ಕಿತ್ತುಕೊಟ್ಟ ಅಂಗಡಿ ಚೀಟಿಗಳು.
3. ಹಬ್ಬದ ಮುಂಗಡದ ನಮೂನೆ, ಭರ್ತಿ ಮಾಡಿದ್ದು.

ಕಡೆಯ ಕೋರಿಕೆ: ಮುಂಗಡವು ಎರಡು ಸೀರೆಗೆ ಸಾಕಾಗುವಷ್ಟು ಇರಲಿ. ಬೋರಣ್ಣ ಮಾವನಿಗೆ ಫೋನ್ ಮಾಡಿದ್ದಾಗಿದೆ. ಈ ಪಂಚಮಿಗೆ ಅವರೂ ಬಸ್ ನಿಲ್ದಾಣಕ್ಕೆ ಬರುತ್ತಾರೆ. ವಿಷಯವನ್ನು ಗಾದ್ರಮ್ಮನವರಿಗೆ ತಿಳಿಸಬಾರದಾಗಿ ವಿನಂತಿ. ಚೀಟಿ ಕಿತ್ತೇ ಕೊಡಲಾಗುವುದು.