ಸರ್ವರ್ ಪಕ್ಕದ ಕುರ್ಚಿ

ಬೇರೆ ಆಫೀಸುಗಳಲ್ಲಿ ಕಂಪ್ಯೂಟರ್ ಕೆಟ್ಟರೆ ರಿಪೇರಿ ಆಗುತ್ತೆ, ನಮ್ಮಲ್ಲಿ ಕೆಟ್ಟರೆ ಕಥೆ ಆಗುತ್ತೆ. ಒಂದು ಮುಗೀತಪ್ಪಾ ಅಂತ ಉಸಿರು ಬಿಡೋಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತೆ. ಕೇಳಿದವರು ಹೊಟ್ಟೆ ಹಿಡ್ಕೊಂಡು ನಗ್ತಾರೆ. ನಾನೂ ನಗ್ತೀನಿ, ಆದರೆ ಕೊನೆಗೆ ಯಾಕೋ ಬೇಜಾರಾಗುತ್ತೆ.

ನನ್ನ ಕೆಲಸ ಪೀಣ್ಯದಲ್ಲಿ, ಲೇತ್ ಮಷೀನ್‌ಗಳ ಒಂದು ಸಣ್ಣ ಕಾರ್ಖಾನೆಯಲ್ಲಿ. ಮನೆ ಕಾಡುಗೋಡಿಯಲ್ಲಿ. ಅಂದ್ರೆ ದಿನಾ ಮೆಟ್ರೋದಲ್ಲಿ ಇಡೀ ಬೆಂಗಳೂರನ್ನ ಅಳೆದು ಬರ್ತೀನಿ. ಹೊರಡುವಾಗ ಮಗಳು ನಿದ್ದೆಯಲ್ಲಿರ್ತಾಳೆ, ವಾಪಸ್ ಬರುವಾಗ ತೂಕಡಿಸ್ತಿರ್ತಾಳೆ. ಮಧ್ಯಾಹ್ನ ಎಲ್‌ಕೆಜಿ ಕ್ಲಾಸು ಬಿಟ್ಟ ಮೇಲೆ ಅವಳನ್ನ ನೋಡ್ಕೊಳ್ಳೋದು ನಮ್ಮ ಮನೆ ಓನರ್ ಅಜ್ಜಿ. ಒಂದಿನ ಅವರು ಅಂದ್ರು, "ಇಂಗೇ ಓಡಾಡ್ತಿದ್ರೆ ಮಗಾ ನಿನ್ ಮಕಾನೇ ಮರ್ತೋಯ್ತದೆ ಕಣವ್ವ." ಆ ಮಾತು ನೇರ ಎದೆಗೇ ಬಿತ್ತು.

ಕಾರ್ಖಾನೆಯ ಆರ್ಡರು, ಸ್ಟಾಕು, ಬಿಲ್ಲು ಎಲ್ಲಾ ಇರೋದು ನಮ್ಮ ಆಫೀಸ್ ಮೂಲೆಯ ಒಂದು ಸರ್ವರ್‌ನಲ್ಲಿ. ಅದನ್ನ ನೋಡ್ಕೊಳ್ಳೋದು ನಾನು. ಆದರೆ ಅದು ಕಾರ್ಖಾನೆಯೊಳಗೆ ಕೂತವರಿಗೆ ಮಾತ್ರ ಕಾಣುತ್ತೆ. ಗೇಟು ದಾಟಿದ್ರೆ ಇಂಟರ್ನೆಟ್ಟಲ್ಲಿ ಎಷ್ಟು ತಡಕಾಡಿದ್ರೂ ಸಿಗಲ್ಲ. ಕಾರ್ಖಾನೆ ಯಜಮಾನರ ಹತ್ರ ಹೋಗಿ ಕೇಳಿದೆ, "ಸಾರ್, ಇದನ್ನ ಹೊರಗಿಂದಲೂ ತೆರೆಯೋ ಹಾಗೆ ಮಾಡಿದ್ರೆ ನಾನು ಮನೆಯಿಂದಲೇ ಕೆಲಸ ಮಾಡ್ಬಹುದಾ?"

"ಮಾಡಿ ತೋರಿಸ್ರೀ. ಒಂದು ವಾರ ತಕರಾರಿಲ್ಲದೆ ನಡೀಲಿ, ಆಮೇಲೆ ಮನೇಲೇ ಇರಿ" ಅಂದ್ರು.

ಅವತ್ತೇ ಮಗಳಿಗೆ ಹೇಳ್ಬಿಟ್ಟೆ, "ಇನ್ಮೇಲೆ ಸ್ಕೂಲಿಂದ ಕರ್ಕೊಂಡು ಬರೋಕೆ ನಾನೇ ಬರ್ತೀನಿ ಪುಟ್ಟಾ." ಅಷ್ಟು ಬೇಗ ಹೇಳಬಾರದಿತ್ತು.

೧. ಬದಲಾಗುವ ಅಡ್ರೆಸ್ಸು

ಮೊದಲು ಇಂಟರ್ನೆಟ್ ಕನೆಕ್ಷನ್ ಕೊಟ್ಟವರನ್ನ ಕರೆಸಿದೆ. ಬಂದಾತ ಹೇಳಿದ, "ಮೇಡಂ, ಇಂಟರ್ನೆಟ್ಟಲ್ಲಿ ನಿಮ್ಮ ಅಡ್ರೆಸ್ಸು ಆಗಾಗ ಬದಲಾಗ್ತಾ ಇರುತ್ತೆ. ಹೊರಗಿನವರು ಹುಡುಕ್ಕೊಂಡು ಬರಬೇಕು ಅಂದ್ರೆ ಪರ್ಮನೆಂಟ್ ಅಡ್ರೆಸ್ ತಗೋಬೇಕು."

ಯಜಮಾನರ ಕಿವಿಗೆ ಬಿದ್ದದ್ದು ಅರ್ಧ ಮಾತ್ರ. ಕ್ಯಾಬಿನ್ನಿಂದ ಎದ್ದೇ ಬಂದ್ರು. "ಯಾವ ಅಡ್ರೆಸ್ಸಯ್ಯಾ ಬದಲಾಗೋದು? ನಮ್ಮಪ್ಪ ಕಟ್ಟಿಸಿದ ಶೆಡ್ಡು ಇದು! ಪೀಣ್ಯದಲ್ಲಿ ಯಾವ ಆಟೋದವನನ್ನಾದ್ರೂ ಕೇಳು, ಕಣ್ಮುಚ್ಕೊಂಡು ತಂದು ಬಿಡ್ತಾನೆ!"

ಆತ ತಡಬಡಾಯಿಸಿದ, "ಅದಲ್ಲ ಸಾರ್, ಇದು ಪಬ್ಲಿಕ್ ಅಡ್ರೆಸ್ಸು..."

"ಪಬ್ಲಿಕ್ಕಿಗೆಲ್ಲಾ ಯಾಕಯ್ಯಾ ನಮ್ಮ ಅಡ್ರೆಸ್ಸು? ಈಗಿರೋ ಅಡ್ರೆಸ್ಸಿಗೆ ಚಂದಾ ಕೇಳ್ಕೊಂಡು ಬರೋರೇ ಸಾಲ್ದಾ?"

೨. ಸುರಂಗ

ಆ ದಾರಿ ಮುಚ್ಚಿತು. ಇನ್ನೊಂದು ಉಪಾಯ ಇತ್ತು. ನಮ್ಮ ಸರ್ವರ್ರೇ ಹೊರಗಿನ ಒಂದು ಕಂಪ್ಯೂಟರಿಗೆ ಗುಟ್ಟಾಗಿ ದಾರಿ ಮಾಡ್ಕೊಳ್ಳುತ್ತೆ, ಪಾಸ್‌ವರ್ಡ್ ಇದ್ದವರು ಆ ದಾರೀಲಿ ಒಳಗೆ ಬರ್ತಾರೆ. ಅದಕ್ಕೆ ಟನಲ್ ಅಂತಾರೆ. "ಸಾರ್, ನಾಳೆ ಬಂದು ಟನಲ್ ಹಾಕ್ತೀನಿ" ಅಂತ ಯಜಮಾನರಿಗೆ ಫೋನ್ ಮಾಡಿ ಹೇಳಿದೆ.

ಬೆಳಿಗ್ಗೆ ಬಂದು ನೋಡಿದ್ರೆ ಯಜಮಾನರು ವಾಚ್‌ಮನ್ನನ್ನ ಪಕ್ಕಕ್ಕಿಟ್ಕೊಂಡು ಗೇಟಿಗೆ ಅಡ್ಡ ನಿಂತಿದ್ದಾರೆ. "ರಸ್ತೆ ಮಾತ್ರ ಮುಟ್ಟಬೇಡಿ ತಾಯಿ! ಮೊನ್ನೆ ತಾನೇ ಟಾರು ಹಾಕಿದ್ದಾರೆ. ಇದನ್ನ ನೋಡೋಕೆ ನಾವು ಎಷ್ಟು ಮಳೆಗಾಲ ಕಾದಿದ್ದೀವಿ ಗೊತ್ತಾ?"

"ಅಯ್ಯೋ ಸಾರ್, ಅಗೆಯೋದೇನೂ ಇಲ್ಲ. ಎಲ್ಲಾ ಕಂಪ್ಯೂಟರ್ ಒಳಗೇ" ಅಂತ ಬಿಡಿಸಿ ಹೇಳಿದೆ. ತಲೆ ಆಡಿಸಿದ್ರು. ಮಧ್ಯಾಹ್ನ ರಸ್ತೆ ಆಚೆ ಟೀ ಅಂಗಡಿಯಲ್ಲಿ ನಿಂತು ನನ್ನ ಮೊಬೈಲಲ್ಲಿ ನೋಡಿದೆ. ನಮ್ಮ ಸ್ಟಾಕು, ನಮ್ಮ ಬಿಲ್ಲು, ಎಲ್ಲಾ ಜಗಮಗ ಅಂತ ಬಂತು! ಖುಷಿಗೆ ಟೀ ಕುಡಿಯೋದೇ ಮರೆತೆ. ಓಡಿ ಬಂದು ಯಜಮಾನರಿಗೆ ತೋರಿಸಿದೆ. ಅವರು ಮೊಬೈಲ್ ನೋಡಿದ್ರು, ಸರ್ವರ್ ಹಿಂದೆ ಬಗ್ಗಿ ನೋಡಿದ್ರು, ಆಮೇಲೆ ಮೆಲ್ಲಗೆ ಕೇಳಿದ್ರು, "ಮತ್ತೆ ಮಣ್ಣು ಎಲ್ಲಿ ಹಾಕಿದ್ರಿ?"

೩. ಪಾಪ

ಯಜಮಾನರು ಇಟ್ಟ ಪರೀಕ್ಷೆಯ ವಾರದ ಮೊದಲನೇ ದಿನ. ಮಗಳ ಕೈ ಹಿಡ್ಕೊಂಡು ಸ್ಕೂಲಿಗೆ ಬಿಟ್ಟೆ. ಮನೆಗೆ ಬಂದು ಲ್ಯಾಪ್‌ಟಾಪ್ ತೆಗೆದ್ರೆ ಸರ್ವರ್ ಇಲ್ಲ! ಕಾರ್ಖಾನೆಗೆ ಫೋನ್ ಮಾಡಿದೆ. ಎತ್ತಿದ್ದು ಕಸ ಗುಡಿಸೋ ಅಕ್ಕ. ರಾಯಚೂರು ಕಡೆಯವರು.

"ಹೂಂ ರೀ, ನಾನ ಬಂದ್ ಮಾಡೀನಿ. ಮುಟ್ಟಿದ್ರ ಬಿಸಿ ಆಗಿತ್ತು. ಸ್ವಲ್ಪ ಆರ್ಲಿ ಅಂತ."

"ಇಷ್ಟು ದಿನ ಆಫ್ ಮಾಡದೇ ಇದ್ದೋರು ಇವತ್ತೇ ಯಾಕೆ ಮಾಡಿದ್ರಿ ಅಕ್ಕಾ?"

"ಇಷ್ಟ ದಿನ ನೀವು ಬಾಜೂಕ ಕುಂತಿರ್ತಿದ್ರಲ್ರೀ. ಇವತ್ತ ನೀವಿಲ್ಲ, ಅದೊಂದ ಗುಂಯ್ ಅನ್ನಾಕತ್ತಿತ್ತು. ಪಾಪ ಅನ್ನಿಸ್ತರಿ."

ಯಾರ ಮೇಲೆ ಸಿಟ್ಟು ಮಾಡ್ಕೊಳ್ಳೋದು? ಅದನ್ನ ಮತ್ತೆ ಎಬ್ಬಿಸೋದು ಗೊತ್ತಿರೋದು ನನಗೊಬ್ಬಳಿಗೇ. ಮೆಟ್ರೋ ಹತ್ತಿದೆ. ಸ್ಕೂಲ್ ಗೇಟಲ್ಲಿ ನನ್ನ ಬದಲು ಅಜ್ಜಿ ನಿಂತಿದ್ದನ್ನ ನೋಡಿ ಮಗಳು ಅಳಲಿಲ್ಲವಂತೆ, ಸುಮ್ಮನೆ ಬ್ಯಾಗು ಕೊಟ್ಟಳಂತೆ. ಅತ್ತಿದ್ರೇ ಚೆನ್ನಾಗಿತ್ತು. ಪಾಪ ಅನ್ನೋದು ಸರ್ವರ್ರಿಗಾದ್ರೂ ಸಿಕ್ಕಿತಲ್ಲ ಅಂದ್ಕೊಂಡೆ.

೪. ಆಯುಧಪೂಜೆ

"ಮುಂದಿನ ವಾರ ಮತ್ತೆ ಮೊದಲಿಂದ ನೋಡೋಣ" ಅಂದ್ರು ಯಜಮಾನರು. ಮುಂದಿನ ವಾರ ದಸರಾ.

ಆಯುಧಪೂಜೆಗೆ ಮಷೀನ್‌ಗಳನ್ನೆಲ್ಲ ತೊಳೆದು ಅರಿಶಿನ ಕುಂಕುಮ ಹಚ್ಚಿದ್ವಿ. ಸರ್ವರ್ರಿಗೂ ವಿಭೂತಿ, ಚೆಂಡುಹೂವಿನ ಹಾರ, ಮೂಲೆಗೊಂದು ನಿಂಬೆಹಣ್ಣು. ಕುಂಬಳಕಾಯಿ ಒಡೆದು, ಪುರಿ ಹಂಚಿ, ನಾನು ಮನೆಗೆ ಬಂದೆ. ಸಂಜೆ ಸರ್ಜಾಪುರದ ಮನೆಯಿಂದ ಯಜಮಾನರ ಫೋನು.

"ಏನ್ರೀ, ಮನೆಗೆ ಬಂದ ನೆಂಟರ ಮುಂದೆ ಮರ್ಯಾದೆ ಹೋಯ್ತು! ನಮ್ಮ ಕಾರ್ಖಾನೆ ಮೊಬೈಲಲ್ಲೇ ಕಾಣುತ್ತೆ ಅಂತ ಜಂಬ ಕೊಚ್ಕೊಂಡು ತೆಗೆದ್ರೆ ಏನೂ ಬರ್ತಿಲ್ಲ!"

"ಸಾರ್, ಸರ್ವರ್ ಯಾರಾದ್ರೂ ಆಫ್ ಮಾಡಿದ್ರಾ?"

"ನಾನೇ ಮಾಡಿದೆ. ಪೂಜೆಗಿಟ್ಟ ಮೇಲೆ ಆಯುಧ ಓಡಿಸ್ತಾರೇನ್ರೀ?"

"ಅದು ಆಫ್ ಆದ್ರೆ ಮೊಬೈಲಲ್ಲಿ ಹೇಗೆ ಬರುತ್ತೆ ಸಾರ್?"

"ಒಳ್ಳೇ ಕಥೆ! ನೀವೇ ತಾನೇ ಅದನ್ನ ಇಂಟರ್ನೆಟ್ಟಿಗೆ ಹಾಕಿದ್ದು? ಅಲ್ಲಿಗೆ ಹೋದ ಮೇಲೆ ಇಲ್ಯಾಕೆ ಉರೀಬೇಕು?"

೫. ನಮ್ಮಮ್ಮ

ಅದರ ಮುಂದಿನ ವಾರ, ದೇವರ ದಯೆ, ಎಲ್ಲೂ ತಕರಾರಾಗಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಪೂಜಾರಿ ಕ್ಯಾಬಿನ್ನಿಗೆ ಕರೆದ್ರು.

"ಭೇಷ್ ಕಣ್ರೀ! ನಾನಿನ್ನು ಸರ್ಜಾಪುರದಿಂದಲೇ ಎಲ್ಲಾ ನೋಡ್ತೀನಿ. ಅಕೌಂಟೆಂಟು ಬೇಗೂರಿನ ಮನೇಲೇ ಇರ್ತಾರಂತೆ. ಆರ್ಡರ್ ತರೋರೂ ಮನೆಯಿಂದಲೇ ಅಂತೆ. ಎಲ್ಲಾ ನಿಮ್ಮ ಪುಣ್ಯ."

"ಮತ್ತೆ ನಾನು ಸಾರ್?"

"ನೀವಾ?" ಅವರಿಗೆ ನಿಜಕ್ಕೂ ಆಶ್ಚರ್ಯ. "ನೀವು ಮನೇಲಿದ್ದಾಗಲೇ ಅಲ್ವೇನ್ರೀ ಅದು ಎರಡೂ ಸಲ ಆಫ್ ಆಗಿದ್ದು? ಯಾರಾದ್ರೂ ಪಕ್ಕದಲ್ಲಿ ಕೂತಿರ್ಲೇಬೇಕು. ಎಬ್ಬಿಸೋದು ನಿಮಗೊಬ್ಬರಿಗೇ ಗೊತ್ತು."

ತಾನೇ ತೋಡಿದ ಗುಂಡಿಗೆ ತಾನೇ ಬೀಳೋದು ಅಂದ್ರೆ ಇದೇ, ನಾನಂತೂ ಸುರಂಗಾನೇ ತೋಡಿದ್ದೆ. ಈಗ ಎಲ್ಲರೂ ಮನೇಲಿ, ನಾನೊಬ್ಬಳು ಪೀಣ್ಯದಲ್ಲಿ. ಯಜಮಾನರು ಪ್ರೀತಿಯಿಂದ ಒಂದು ಹೊಸ ಮೆತ್ತನೆ ಕುರ್ಚಿ ತರಿಸಿ ಸರ್ವರ್ ಪಕ್ಕ ಹಾಕಿಸಿದ್ದಾರೆ.

ಮೊನ್ನೆ ರಜ ಹಾಕಿ ಮಗಳ ಸ್ಕೂಲಿನ ಮೀಟಿಂಗಿಗೆ ಹೋದೆ. ನನ್ನನ್ನ ನೋಡಿದ್ದೇ ಟೀಚರ್ ಮುಖ ಅರಳಿತು. "ಓ, ನೀವೇನಾ ಅಮ್ಮ? ಅಮ್ಮ ಏನ್ ಕೆಲಸ ಮಾಡ್ತಾರೆ ಅಂತ ಕ್ಲಾಸಲ್ಲಿ ಕೇಳಿದ್ದೆ. ನಿಮ್ಮ ಮಗಳು 'ನಮ್ಮಮ್ಮ ಸರ್ವರ್ರು, ಎಲ್ಲರೂ ಮನೇಲಿ ಕೂತಿರ್ತಾರೆ, ಅಮ್ಮ ಮಾತ್ರ ಹೋಗಬೇಕು' ಅಂದಳು. ಯಾವ ಹೋಟೆಲ್ ಮೇಡಂ?"

ತಿದ್ದೋಣ ಅಂತ ಬಾಯಿ ತೆಗೆದೆ. ಮಗಳು ಹೇಳಿದ್ರಲ್ಲಿ ತಪ್ಪೇನಿದೆ ಅಂತ ಹೊಳೀಲೇ ಇಲ್ಲ.

"ಪೀಣ್ಯದಲ್ಲಿ ಮೇಡಂ" ಅಂದೆ. "ಬರೀ ಪಾರ್ಸೆಲ್."