ನಿಂಗಜ್ಜಿಯ ಎದುರಿಗೆ ಸೊನ್ನೆ ಕಡ್ಡಿ

ನಮ್ಮ ಭಾವನ ಮನೆಯಲ್ಲಿ ಇಡ್ಲಿಗಿಂತ ಮುಂಚೆ ಇಡ್ಲಿಯ ಯೋಜನೆ ಬೇಯುತ್ತದೆ. ಪಾತ್ರೆಗೆ ಒಂದು ಸಲಕ್ಕೆ ಹದಿನಾರು, ಉಣ್ಣುವವರು ಎಂಟು, ತಲೆಗೆ ನಾಲ್ಕು. ಅಲ್ಲಿಗೆ ಎರಡು ಸುತ್ತು. "ಎರಡನೇ ಸುತ್ತಿನವರು ಅಷ್ಟರಲ್ಲಿ ಸ್ನಾನ ಮುಗಿಸಿ" ಎಂದು ಬಂದ ನೆಂಟರನ್ನೇ ಎಬ್ಬಿಸುತ್ತಾರೆ. ಬಚ್ಚಲು ಒಂದೇ ಎಂಬುದು ಮಾತ್ರ ಲೆಕ್ಕಕ್ಕೆ ಬಂದಿರುವುದಿಲ್ಲ. ನಾಲ್ಕು ಜನ ಹೆಗಲಿಗೆ ಟವೆಲ್ ಹಾಕಿಕೊಂಡು ಹಿತ್ತಲಲ್ಲಿ ಸಾಲಾಗಿ ನಿಂತಿದ್ದನ್ನು ನಾನೇ ಕಂಡಿದ್ದೇನೆ!

ಅವರದೇನು ತಪ್ಪು ಹೇಳಿ? ಮೈಸೂರಿನ ಕಾರ್ಖಾನೆಯೊಂದರಲ್ಲಿ ಯಾವ ಯಂತ್ರ ಎಷ್ಟು ಕೆಲಸ ತಾಳಬಲ್ಲದು ಎಂದು ಮುಂಚಿತವಾಗಿ ಅಳೆಯುವುದೇ ಅವರ ಉದ್ಯೋಗವಾಗಿತ್ತು. ನಿವೃತ್ತರಾಗಿ ಬೆಟ್ಟದಪುರದ ಪಕ್ಕದ ತಮ್ಮೂರಿಗೆ ಬಂದು ಅಮ್ಮನ ಕಾಲದ ಹೊಗೆಸೊಪ್ಪಿನ ಬೇಸಾಯ ಮುಂದುವರಿಸಿದರು. ಅಭ್ಯಾಸ ನಿವೃತ್ತಿಯಾಗಲಿಲ್ಲ.

ಬೆಳಗ್ಗೆ ಮುರಿದ ಎಲೆಯನ್ನು ಹೆಂಗಸರು ಚಪ್ಪರದಲ್ಲಿ ಕೂತು ಕಡ್ಡಿಗೆ ಕಟ್ಟಬೇಕು. ಸಂಜೆಯೊಳಗೆ ಕಡ್ಡಿಗಳು ಬ್ಯಾರನ್, ಅಂದರೆ ಸೌದೆ ಉರಿಸಿ ಎಲೆ ಒಣಗಿಸುವ ಕೋಣೆ, ಸೇರಬೇಕು. ತಡವಾದರೆ ಎಲೆ ರಾಶಿಯಲ್ಲೇ ಬಿಸಿಯಾಗಿ ಹಾಳು. ಭಾವ ಕ್ಯಾಲೆಂಡರಿನ ಬೆನ್ನಿಗೆ ಬರೆದರು: ಬ್ಯಾರನ್ ಸಾಕು, ಸೌದೆ ಸಾಕು, ಕೈ ಸಾಲದು. ಗಡಿಯಾರ ನೋಡುತ್ತಾ ಹೆಂಗಸರೆದುರು ಕುರ್ಚಿ ಹಾಕಿಕೊಂಡರು. ಎಲ್ಲರಿಗಿಂತ ಹಿಂದೆ ಬಿದ್ದವಳು ನಿಂಗಜ್ಜಿ. ಬೆರಳು ನಡುಗುತ್ತವೆ. ಬಾಯಿ ಮಾತ್ರ ನಿಲ್ಲದು.

"ಅಜ್ಜಿ, ನಿನ್ನ ಮಾತೇ ಎಲ್ಲರ ಕೈ ಕಟ್ಟಿಹಾಕ್ತಿರೋದು."

"ಅಂಗಾರೆ ನಾಳಿಂದ ಬರಾಕಿಲ್ಲ ಬುಡು ಮಗ."

ಅಕ್ಕ ಒಳಗಿನಿಂದ ಬಂದಳು. "ನಿಮ್ಮಮ್ಮನ ಕಾಲದಿಂದ ಇಲ್ಲಿ ಕೂತೋಳು ಕಣ್ರೀ. ಮನೇಲಿ ಒಬ್ಬಳೇ, ಗೋಡೆ ಜೊತೆ ಮಾತಾಡ್ಬೇಕಾ?" ಆದರೂ ಭಾವ ಕೂಲಿ ಪಟ್ಟಿಯಲ್ಲಿ ಅಜ್ಜಿಯ ಹೆಸರಿನ ಮೇಲೆ ಗೆರೆ ಎಳೆದರು.

ಮರುದಿನ ಚಪ್ಪರ ಪರೀಕ್ಷೆಯ ಕೊಠಡಿಯಷ್ಟು ಸದ್ದಿಲ್ಲದೆ ಇತ್ತು. ಒಬ್ಬಳು ಆಕಳಿಸಿದಳು, ಅದು ಎಂಟು ಜನಕ್ಕೂ ಹಬ್ಬಿತು. ಒಬ್ಬಳು ನೀರಿಗೆ ಎದ್ದಳು, ಇನ್ನೊಬ್ಬಳು ಎಲೆಅಡಿಕೆಗೆ. ಸಂಜೆಗೆ ಬ್ಯಾರನ್ನಿನ ಕಾಲು ಭಾಗ ಖಾಲಿ, ಹೊರಗೆ ಸೊಪ್ಪಿನ ರಾಶಿ.

"ಏನ್ರಮ್ಮ ಇದು?"

"ಕಟ್ಟೆಮಳಲವಾಡಿ ಮದ್ವೇಲಿ ಬೀಗರು ಉಣ್ಣಾಕಿಲ್ಲ ಅಂತ ಮುನಿಸ್ಕೊಂಡ ಕತೆಯ ಅಜ್ಜಿ ಅರ್ಧಕ್ಕೇ ಬುಟ್ಟೋಗವಳೆ ಕಣ್ರಣ್ಣ. ಕೈಯೇ ಓಡಾಕಿಲ್ಲ."

ಭಾವ ಹೊಸ ಹಾಳೆ ತೆಗೆದರು. ಬ್ಯಾರನ್, ಸೌದೆ, ಕೈ, ನಿಂಗಜ್ಜಿ. ಅಜ್ಜಿಯ ಎದುರಿಗೆ: ಕಡ್ಡಿ ಸೊನ್ನೆ, ಜಾಗ ನಡುಮಧ್ಯೆ, ಕೂಲಿ ಪೂರ್ತಿ. ಅಕ್ಕ ನಕ್ಕಿದ್ದಕ್ಕೆ ಸಿಡುಕಿದರು: "ಕರುಣೆ ಅಲ್ಲ, ಲೆಕ್ಕ."

ಅಜ್ಜಿ ಮರಳಿ ಬಂದು ನಡುವೆ ಕೂತಳು; ಹಂಗಾಮು ಮುಗಿದರೂ ಆ ಬೀಗರ ಕತೆ ಮುಗಿಯಲಿಲ್ಲ. ಈ ವರ್ಷ ಅವಳು ಬಿದ್ದು ಸೊಂಟ ಹಿಡಿದು ಮಲಗಿದಳು. ಹೊಸಿಲು ದಾಟುವಂತಿಲ್ಲ; ಭಾವನ ಮನೆ, ಚಪ್ಪರ, ಬ್ಯಾರನ್ ಎಲ್ಲ ಊರಾಚೆ. ನಾನು ಹೋದ ಬೆಳಗ್ಗೆ ಭಾವ ಹಾಳೆ ಮುಂದಿಟ್ಟುಕೊಂಡು ಕೂತಿದ್ದರು.

"ನೋಡು ತಾಯಿ, ಬ್ಯಾರನ್ ಕದಲಲ್ಲ. ಅಜ್ಜಿನೂ ಕದಲಲ್ಲ. ಮತ್ತೆ ಕದಲಬಹುದಾದ್ದು ಯಾವುದು?"

ಅಷ್ಟರಲ್ಲಿ ಹೊರಗೆ ಟ್ರ್ಯಾಕ್ಟರ್ ಸದ್ದಾಯಿತು. ಸೊಪ್ಪು ತುಂಬಿದ ಗಾಡಿ ಬ್ಯಾರನ್ನಿಗೆ ಬೆನ್ನು ಹಾಕಿ ಅಜ್ಜಿಯ ಮನೆಯತ್ತ ಹೊರಟಿತ್ತು, ಹಿಂದೆ ಎಂಟು ಹೆಂಗಸರು. ಸಂಜೆ ಕಡ್ಡಿಗಳನ್ನು ಮತ್ತೆ ಇಷ್ಟೇ ದೂರ ವಾಪಸು ಹೊರಬೇಕು. ಯಾವ ಕಾರ್ಖಾನೆ ಒಪ್ಪೀತು ಈ ಲೆಕ್ಕವನ್ನು?

ನಾವೂ ಹಿಂದೆಯೇ ಹೋದೆವು. ಅಜ್ಜಿಯ ಮಂಚವನ್ನು ಬಾಗಿಲ ಹತ್ತಿರಕ್ಕೆ ಎಳೆದಿದ್ದರು. ಭಾವ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು ಅವಳ ಕಾಲ ಬಳಿ ಕೂತರು. ಒಂದು ಕಡ್ಡಿ ಎತ್ತಿಕೊಂಡು ತಗ್ಗಿದ ದನಿಯಲ್ಲಿ ಕೇಳಿದರು:

"ಅಜ್ಜಿ, ಆ ಬೀಗರು ಕೊನೆಗೆ ಊಟ ಮಾಡಿದ್ರಾ?"